ಬಸ್ಸಿನ ಸಹವಾಸ

ಜನವರಿ 20

ಪ್ರೀತಿಯ ಕುಳ್ಳನಿಗೆ,

ಬಾಗಿಲಿಗೆ ತಲೆ ತಗುಲುವಷ್ಟು ಬೆಳೆದವನನ್ನು ಇನ್ನೂ ಕುಳ್ಳ ಎನ್ನುತ್ತೀಯಲ್ಲ ಎಂದು ಮೊನ್ನೆ ಫೋನಿನಲ್ಲಿ ನೀನು ಗೊಣಗಿದೆ. ಏನು ಮಾಡಲಿ, ಕೂತಲ್ಲಿಂದ ನೋಡಿದರೆ ನನಗೆ ಎಲ್ಲರೂ ಉದ್ದವೇ. ಒಬ್ಬ ತಮ್ಮನನ್ನಾದರೂ ಕುಳ್ಳ ಎಂದು ಕರೆದು ಸಮಾಧಾನ ಮಾಡಿಕೊಳ್ಳುತ್ತೇನೆ.

ನಮ್ಮ ಬೀದಿಯನ್ನು ಸರಿಮಾಡುವ ಯೋಜನೆ ನಗರಸಭೆಯಲ್ಲಿ ನಿನ್ನ ಕೈಗೇ ಬಂದಿದೆ ಎಂದು ಗೊತ್ತಾದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಗಬೇಡ, ಅದು ನಿಂತಿದ್ದಾದರೂ ಯಾವಾಗ. ಕಷ್ಟವನ್ನೆಲ್ಲ ಬರೆದು ಕಳಿಸು ಎಂದೆಯಲ್ಲ, ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀನು ಹೂಂ ಹೂಂ ಎನ್ನುತ್ತ ಅತ್ತ ಇನ್ನೇನೋ ನೋಡುತ್ತಿರುತ್ತೀಯ.

ಕಾಲುದಾರಿಯ ಕಥೆ ನಿನಗೆ ಗೊತ್ತೇ ಇದೆ. ಒಂದು ಕಲ್ಲು ಮೇಲೆ, ಒಂದು ಕಲ್ಲು ಕೆಳಗೆ. ದಿನಸಿ ಅಂಗಡಿಯವರ ಮೆಟ್ಟಿಲು ಅರ್ಧ ದಾರಿಯನ್ನು ನುಂಗಿದೆ. ಅಲ್ಲಿ ನಾನು ರಸ್ತೆಗೆ ಇಳಿಯಲೇಬೇಕು, ಇಳಿದರೆ ಹಿಂದಿನಿಂದ ಹಾರ್ನ್ ಹೊಡೆದುಕೊಂಡು ಮೈಮೇಲೇ ಬರುತ್ತಾರೆ. ಎದುರುಮನೆ ಟೀಚರ್ ನಿವೃತ್ತಿಯಾದ ಮೇಲೆ ಕೋಲು ಹಿಡಿದಿದ್ದಾರೆ. ರಸ್ತೆ ದಾಟುವಾಗ ಅದನ್ನು ಮೇಲೆತ್ತಿ ಗಾಡಿಗಳನ್ನು ನಿಲ್ಲಿಸುತ್ತಾರೆ. ಹಳೆಯ ವಿದ್ಯಾರ್ಥಿಗಳಾದರೆ ನಿಲ್ಲುತ್ತಾರೆ.

ಇದೆಲ್ಲ ಹೇಗೋ ನಡೆದುಹೋಗುತ್ತದೆ. ನಡೆಯದಿರುವುದು ಬಸ್ಸಿನದು. ಆಸ್ಪತ್ರೆಯ ವಿಚಾರಣೆ ಕೌಂಟರಿನ ಕೆಲಸಕ್ಕೆ ನಾನು ಯಾರ ಹಂಗೂ ಇಲ್ಲದೆ ಹೋಗಿಬರುವುದು ಈ ಒಂದು ಬಸ್ಸಿನಿಂದ. ನಮ್ಮ ಬೀದಿಯಲ್ಲಿ ಹತ್ತಿದರೆ ಆಸ್ಪತ್ರೆಯ ಗೇಟಿನಲ್ಲೇ ಇಳಿಸುತ್ತದೆ. ಕಂಡಕ್ಟರ್ ಬಾಗಿಲಿನಿಂದ ಹಲಗೆ ಹಾಕುತ್ತಾನೆ, ನಾನು ಗಾಲಿಕುರ್ಚಿಯನ್ನು ಉರುಳಿಸಿಕೊಂಡು ಹತ್ತುತ್ತೇನೆ. ಆದರೆ ನಿಲ್ದಾಣದ ತುಂಬ ಬಟ್ಟೆ ಮಳಿಗೆಗೆ ಬಂದವರ ಕಾರುಗಳು. ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ, ಹಲಗೆ ಕಾಲುದಾರಿಯ ಅಂಚಿಗೆ ತಾಗುವುದೇ ಇಲ್ಲ. ನಿನ್ನೆ ಕಂಡಕ್ಟರೂ ಇನ್ನೊಬ್ಬ ಪ್ರಯಾಣಿಕರೂ ಸೇರಿ ನನ್ನನ್ನು ಮೂಟೆಯ ಹಾಗೆ ಎತ್ತಿ ಒಳಗೆ ಹಾಕಿದರು. ಕಂಬಿಗೆ ಮೊಣಕೈ ಬಡಿದು ಊದಿಕೊಂಡಿದೆ. ಸಾಕಪ್ಪಾ ಸಾಕು, ಈ ಬಸ್ಸಿನ ಸಹವಾಸವೇ ಬೇಡ ಅನ್ನಿಸಿಬಿಟ್ಟಿತು. ಇವತ್ತು ಬೆಳಿಗ್ಗೆ ಮತ್ತೆ ಅದೇ ಬಸ್ಸಿಗೇ ಕಾದು ಕೂತಿದ್ದೆ, ಅದು ಬೇರೆ ಮಾತು.

ಆ ಕಾರುಗಳನ್ನೊಂದು ಅಲ್ಲಿಂದ ಎಬ್ಬಿಸು. ಮಿಕ್ಕದ್ದೆಲ್ಲ ಆಮೇಲೆ.

ಊದಿದ ಕೈಯಲ್ಲೇ ಬರೆದ,
ನಿನ್ನ ಅಕ್ಕ

ಫೆಬ್ರವರಿ 9

ಅಕ್ಕಾ,

ನಿನ್ನ ಕಾಗದವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಟೀಚರ್ ಕೋಲೆತ್ತುವ ಕಡೆ ಎಲ್ಲರೂ ನಕ್ಕರು. ನಮ್ಮ ಮುಖ್ಯ ಎಂಜಿನಿಯರ್ ನಗುವ ಪೈಕಿಯೇ ಅಲ್ಲ. ಅವರೂ ನಕ್ಕು, "ಇದು ಕಣ್ರೀ ಬೇಕಾಗಿರೋದು, ನಮ್ಮ ನಕ್ಷೆಗಳಲ್ಲಿ ಮನುಷ್ಯರೇ ಇರಲ್ಲ," ಎಂದರು. ಕಾಗದವನ್ನು ಕಡತಕ್ಕೆ ಸೇರಿಸಬಹುದೇ ಎಂದು ಕೇಳಿದರು. ನಿನ್ನ ಪರವಾಗಿ ನಾನೇ ಒಪ್ಪಿಬಿಟ್ಟೆ, ಬೈಯಬೇಡ. ನನ್ನ ಅಕ್ಕ ಎಂದು ಹೇಳಲಿಲ್ಲ, ಮನೆಮಾತೆಲ್ಲ ಬಿಟ್ಟು ಬೀದಿಯ ವಿಷಯವನ್ನಷ್ಟೇ ನಕಲು ಮಾಡಿಕೊಟ್ಟು, ನಿವಾಸಿಯೊಬ್ಬರು ಎಂದೆ. ಮನೆಯವರ ಮಾತು ಎಂದರೆ ಅದಕ್ಕೆ ತೂಕ ಇರುವುದಿಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಾವು ಅಧಿಕಾರಿಗಳು ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ನೀನು ಹೇಳಿದರೆ ಕೇಳುತ್ತಾರೆ. ದಾರಿಗೆ ಚಾಚಿರುವ ಮೆಟ್ಟಿಲುಗಳನ್ನು ಒಡೆಸಲು, ಮನೆ ಮುಂದೆ ಗಾಡಿ ನಿಲ್ಲಿಸದಿರಲು ಎಲ್ಲರನ್ನೂ ಒಪ್ಪಿಸು. ಬೀದಿಯವರೇ ಒಪ್ಪಿದ್ದಾರೆ ಎಂದರೆ ಈ ಯೋಜನೆಯನ್ನು ಯಾರೂ ತಡೆಯುವ ಹಾಗಿಲ್ಲ. ನಿಲ್ದಾಣದ ಕಾರುಗಳ ವಿಷಯ ನನಗೆ ಬಿಡು.

ಮೊಣಕೈ ಹೇಗಿದೆ? ನೀನು ಕೆಲಸ ಮಾಡುವುದು ಆಸ್ಪತ್ರೆಯಲ್ಲಿ, ಆದರೂ ಯಾರಿಗೂ ತೋರಿಸಿರುವುದಿಲ್ಲ ಎಂದು ನನಗೆ ಗೊತ್ತು.

ನಿನ್ನ ಉದ್ದನೆಯ,
ಕುಳ್ಳ

ಮಾರ್ಚ್ 17

ಪ್ರೀತಿಯ ಕುಳ್ಳನಿಗೆ,

ಕೈ ವಾಸಿಯಾಯಿತು. ಬಾಯಿಗೆ ಮಾತ್ರ ಬಿಡುವಿಲ್ಲ. ಇಡೀ ತಿಂಗಳು ಮನೆ ಮನೆ ಸುತ್ತಿದ್ದೇನೆ. ಇವಳೇನು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳಾ ಎಂದು ಮೂಲೆಮನೆಯವರು ಬಾಯಿತಪ್ಪಿ ಅಂದುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ನಕ್ಕ ಮೇಲೆಯೇ ಅವರು ನಕ್ಕದ್ದು. ನಗಿಸಿದ ಮೇಲೆ ಒಪ್ಪಿಸುವುದು ಸುಲಭ.

ನನ್ನ ಜೊತೆ ಟೀಚರೂ ಕೋಲೂರಿಕೊಂಡು ಬಂದರು. ನಾನು ಹೊಸ್ತಿಲ ಆಚೆಯಿಂದ ಮಾತಾಡಿದರೆ ಅವರು ಒಳಗೇ ಹೋಗಿ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದರು. ಒಪ್ಪುವ ತನಕ ಏಳುತ್ತಿರಲಿಲ್ಲ.

ಕಷ್ಟವಾದದ್ದು ದಿನಸಿ ಅಂಗಡಿಯವರನ್ನು ಒಪ್ಪಿಸುವುದು. ಏನು ಕೇಳಿದರೂ "ನಾಳೆ ಬರುತ್ತೆ" ಎನ್ನುತ್ತಿದ್ದರಲ್ಲ, ಅವರೇ. ಆ ಮೆಟ್ಟಿಲು ಅವರ ಅಪ್ಪ ಹಾಕಿಸಿದ್ದು. ನಾಳೆ ನೋಡೋಣ, ನಾಳೆ ನೋಡೋಣ ಎಂದು ಮುಂದೆ ಹಾಕುತ್ತಲೇ ಬಂದರು. ಕೊನೆಗೆ ಒಂದು ದಿನ ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮೆಟ್ಟಿಲು ಇರಲೇ ಇಲ್ಲ. ಅವರು ಅಂಗಡಿಯ ಒಳಗೆ ನಿಂತು ಹೊರಗಿನ ಜಲ್ಲಿಯನ್ನೇ ನೋಡುತ್ತಿದ್ದರು. "ನಿಮ್ಮ ತಮ್ಮ ನಮ್ಮ ಕಣ್ಣೆದುರೇ ಬೆಳೆದ ಹುಡುಗ, ಅವನು ಮೋಸ ಮಾಡ್ತಾನಾ," ಎಂದರು. ನನ್ನ ತಮ್ಮ ಮಾಡಿಕೊಡುತ್ತಾನೆ, ಅವನಿಗೆ ನಾನು ಜವಾಬ್ದಾರಿ ಎಂದು ಎಲ್ಲರ ಮುಂದೆ ಎದೆ ತಟ್ಟಿ ಹೇಳಿದ್ದೇನೆ.

ಬಟ್ಟೆ ಮಳಿಗೆಯವರ ಹತ್ತಿರ ನಾನು ಹೋಗಲಿಲ್ಲ, ಅದು ನಿನಗೆ ಬಿಟ್ಟದ್ದು. ಇವತ್ತೂ ಅವರ ಕಾರುಗಳು ನಿಲ್ದಾಣದಲ್ಲೇ ನಿಂತಿದ್ದವು. ಹೇಳಿದೆಯಾ ಅವರಿಗೆ?

ಬಾಯಿ ಒಣಗಿದ,
ನಿನ್ನ ಅಕ್ಕ

ಏಪ್ರಿಲ್ 28

ಅಕ್ಕಾ,

ಉತ್ತರ ತಡವಾಯಿತು. ನಕ್ಷೆಯಲ್ಲಿ ಕೆಲವು ಬದಲಾವಣೆ ಆಗುತ್ತಿದೆ, ಸದ್ಯಕ್ಕೆ ಹೆಚ್ಚು ಹೇಳುವ ಹಾಗಿಲ್ಲ. ಮೇ ಹತ್ತಕ್ಕೆ ನಮ್ಮ ಹಳೇ ಶಾಲೆಯಲ್ಲಿ ಬೀದಿಯವರ ಸಭೆ ಕರೆದಿದ್ದೇವೆ. ಸಭೆ ಮೇಲಿನ ಮಹಡಿಯಲ್ಲಿ. ನೀನು ಬರುವ ತೊಂದರೆ ತೆಗೆದುಕೊಳ್ಳಬೇಡ, ನಾನೇ ಎಲ್ಲವನ್ನೂ ತಿಳಿಸುತ್ತೇನೆ.

ಇಲ್ಲಿ ನನಗೆ ಬಡ್ತಿಯ ಮಾತು ನಡೆಯುತ್ತಿದೆ. ಈ ಯೋಜನೆ ಗಲಾಟೆಯಿಲ್ಲದೆ ಮುಗಿದರೆ ಆಗುತ್ತದೆ ಎನ್ನುತ್ತಾರೆ.

ಅವಸರದಲ್ಲಿ,
ತಮ್ಮ

ಮೇ 11

ಕುಳ್ಳ,

ನೀನು ಬೇಡವೆಂದರೂ ನಿನ್ನೆ ನಾನು ಸಭೆಗೆ ಬಂದಿದ್ದೆ. ಶಾಲೆಯ ಮೆಟ್ಟಿಲ ಬುಡದಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ ಕೂತಿದ್ದೆ. ನಡೆಯಲಾಗದವರ ಅನುಕೂಲಕ್ಕೆ ಸಭೆ ಕರೆದು ಅದನ್ನು ಮಹಡಿಯ ಮೇಲೆ ಇಟ್ಟಿದ್ದೀರಲ್ಲ ಎಂದು ಆಮೇಲೆ ನಿನ್ನನ್ನು ರೇಗಿಸಬೇಕು ಎಂದುಕೊಂಡಿದ್ದೆ. ಮೇಲಿನಿಂದ ನಿನ್ನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ದನಿ ಕೇಳಿಯೇ ಹಿಗ್ಗುತ್ತಿದ್ದೆ. ಆಮೇಲೆ ಗದ್ದಲ ಶುರುವಾಯಿತು. ಬಟ್ಟೆ ಮಳಿಗೆಯವರು ಜಗಳ ತೆಗೆದಿರಬೇಕು, ನನ್ನ ತಮ್ಮ ಜಗ್ಗುವವನಲ್ಲ ಎಂದುಕೊಂಡೆ.

ಜನ ಇಳಿದು ಬಂದರು. ಟೀಚರ್ ನನ್ನ ಪಕ್ಕದಲ್ಲೇ ಹಾದುಹೋದರು. ನಾನು ಕರೆದೆ. ಮುಖ ತಿರುಗಿಸಿಕೊಂಡು ಹೋದರು. ಕೊನೆಗೆ ದಿನಸಿ ಅಂಗಡಿಯವರು ಬಂದು ನಿಂತರು.

"ಬಸ್ಸು ಬೇಡ ಅಂತ ನೀವೇ ಬರ್ಕೊಟ್ಟಿದ್ದೀರಂತಲ್ಲಮ್ಮ."

"ಯಾರು ಹೇಳಿದ್ದು?"

"ನಿಮ್ಮ ತಮ್ಮನೇ ಓದಿದ್ರು. ಗಾಲಿಕುರ್ಚಿಯಲ್ಲಿ ಓಡಾಡೋ ನಿವಾಸಿಯೊಬ್ಬರು ಬರೀತಾರೆ, ಈ ಬಸ್ಸಿನ ಸಹವಾಸವೇ ಬೇಡ, ಅಂತ. ಅದಕ್ಕೇ ಬಸ್ಸನ್ನ ಬೀದಿ ತುದಿಯ ಹೆದ್ದಾರಿಗೆ ಹಾಕ್ತಾರಂತೆ. ಕಾರುಗಳು ಎಲ್ಲಿದ್ವೋ ಅಲ್ಲೇ ಇರ್ತವೆ. ಗಾಲಿಕುರ್ಚಿ ಈ ಬೀದಿಯಲ್ಲಿ ಇನ್ಯಾರ ಹತ್ರ ಇದೆಯಮ್ಮ? ನಮಗೊಂದು ಮಾತು ಹೇಳಬಾರದಿತ್ತಾ?"

ಅವರು ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರು ಬೇಸರದಿಂದ ಕೇಳಿದರು, ನಾನು ನಿನಗಾಗಿ ಮೆಟ್ಟಿಲ ಕಡೆ ನೋಡಿದೆ. ನೀನು ಹಿಂದಿನ ಬಾಗಿಲಿನಿಂದ ಹೊರಟುಹೋದೆಯಂತೆ.

ಅಮ್ಮ ದಿನ ಬೆಳಗಾದರೆ ನಮ್ಮಿಬ್ಬರಿಗೆ ಏನೆನ್ನುತ್ತಿದ್ದಳು ಹೇಳು. ನಿಮ್ಮಿಬ್ಬರ ಸಹವಾಸವೇ ಬೇಡ ಎನ್ನುತ್ತಿದ್ದಳು. ಅಂದ ಬಾಯಲ್ಲೇ ಊಟಕ್ಕೆ ಕರೆಯುತ್ತಿದ್ದಳು. ನೀನೊಮ್ಮೆ ಅದನ್ನೇ ನಿಜವೆಂದುಕೊಂಡು ಬಟ್ಟೆ ಗಂಟು ಕಟ್ಟಿ ಬೀದಿಯ ತುದಿಯವರೆಗೆ ಹೋಗಿದ್ದೆ, ಅವಳು ಅಳುತ್ತ ಓಡಿಬಂದು ನಿನ್ನನ್ನು ಎತ್ತಿಕೊಂಡಳು. ಆ ಮಾತಿನ ಅರ್ಥ ಬೇರೆ ಯಾರಿಗಾದರೂ ತಿಳಿಯದೆ ಹೋದರೆ ಕ್ಷಮಿಸುತ್ತಿದ್ದೆ. ನಿನಗೆ ತಿಳಿದಿತ್ತು. ತಿಳಿದೇ ಓದಿದೆ, ಮುಂದಿನ ಸಾಲನ್ನು ನುಂಗಿಕೊಂಡೆ. ನನ್ನ ಬಾಯಿಂದಲೇ ನನ್ನ ಬಸ್ಸನ್ನು ಎತ್ತಂಗಡಿ ಮಾಡಿಸಿದೆ.

ಅಕ್ಕ

ಜೂನ್ 30

ಅಕ್ಕಾ,

ಉತ್ತರಕ್ಕೆ ಇಷ್ಟು ದಿನ ಹಿಡಿಯಿತು. ನಾನು ಇಲ್ಲದ್ದನ್ನು ಕಟ್ಟಿ ಹೇಳಲಿಲ್ಲ. ಆ ಸಾಲು ನೀನು ಬರೆದದ್ದೇ.

ಇಲ್ಲಿನ ಪರಿಸ್ಥಿತಿ ನಿನಗೆ ಗೊತ್ತಿಲ್ಲ. ಮಳಿಗೆಯವರ ಕೈ ದೊಡ್ಡದು. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ವ್ಯಾಪಾರ ಹಾಳಾಗುತ್ತದೆ ಎಂದು ಮೇಲಿನವರ ತನಕ ಹೋದರು. ಮುಖ್ಯ ಎಂಜಿನಿಯರ್ ನನ್ನನ್ನು ಕರೆದು, "ಕಾರು ತೆಗೆಸಿದ್ರೆ ದಿನಾ ಗಲಾಟೆ. ಬಸ್ ತೆಗೆದ್ರೆ ನಾಕು ದಿನ ಗೊಣಗ್ತಾರೆ, ಆಮೇಲೆ ಒಗ್ಗಿಕೊಳ್ತಾರೆ. ಒಂದು ಕಾರಣ ಹುಡುಕಿ," ಎಂದರು. ಕಾರಣ ಕಡತದಲ್ಲೇ ಇತ್ತು. ಬೀದಿಗೆ ಬರಬೇಕಾದ ಕೆಲಸವೇ ಕೈತಪ್ಪುವ ಬದಲು ಅರ್ಧವಾದರೂ ಆಗಲಿ ಎಂದುಕೊಂಡೆ. ಕಾಲುದಾರಿ ಹೇಗೆ ಆಗುತ್ತದೆ ನೋಡು, ಊರಿನಲ್ಲೇ ಅಂಥದ್ದು ಇರುವುದಿಲ್ಲ. ಎಲ್ಲ ಮೂಲೆಯಲ್ಲೂ ಇಳಿಜಾರು. ನಿನ್ನನ್ನು ನೆನೆದುಕೊಂಡೇ ಗೆರೆ ಎಳೆದಿದ್ದೇನೆ.

ನೀನು ಆಸ್ಪತ್ರೆಗೆ ಹೋಗಿಬರಲು ನಾನು ಒಂದು ಬಾಡಿಗೆ ಗಾಡಿ ಗೊತ್ತು ಮಾಡುತ್ತೇನೆ. ದಯವಿಟ್ಟು ಬೇಡವೆನ್ನಬೇಡ.

ನಿನ್ನ ತಮ್ಮ

ಸೆಪ್ಟೆಂಬರ್ 19

ತಮ್ಮನಿಗೆ,

ನಿನ್ನ ಗಾಡಿಯವನು ಎರಡು ಸಲ ಬಂದ, ವಾಪಸು ಕಳಿಸಿದೆ. ಮತ್ತೆ ಕಳಿಸಬೇಡ.

ಕಾಲುದಾರಿ ನೀನು ಹೇಳಿದ ಹಾಗೇ ಆಗಿದೆ. ಸುಳ್ಳು ಹೇಳಬಾರದು, ನುಣ್ಣಗಿದೆ. ಕುರ್ಚಿಯನ್ನು ಒಮ್ಮೆ ತಳ್ಳಿದರೆ ತಾನೇ ಹೋಗುತ್ತದೆ. ದಿನಾ ಸಂಜೆ ಬೀದಿಯ ತುದಿಯವರೆಗೆ ಹೋಗುತ್ತೇನೆ. ಅಲ್ಲಿಗೆ ಹೆದ್ದಾರಿ. ಬಸ್ಸು ನಿಲ್ಲುವುದು ಅದರ ಆ ಬದಿಗೆ. ಕೊನೆಯಿಲ್ಲದೆ ಬರುವ ಲಾರಿಗಳನ್ನು ಸ್ವಲ್ಪ ಹೊತ್ತು ನೋಡಿ ತಿರುಗಿ ಬರುತ್ತೇನೆ. ಕೆಲಸಕ್ಕೆ ನರ್ಸ್ ಒಬ್ಬರು ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಾರೆ. ಅವರಿಗೆ ಪಾಳಿ ಬದಲಾದರೆ ನಾನು ಮನೆಯಲ್ಲೇ. ಹೀಗೇ ಆದರೆ ಕೌಂಟರಿಗೆ ಬೇರೆಯವರನ್ನು ಹಾಕಬೇಕಾಗುತ್ತದೆ ಎಂದು ಮೇಲ್ವಿಚಾರಕರು ಮೆಲ್ಲಗೆ ಹೇಳಿದ್ದಾರೆ. ಅವರದು ತಪ್ಪಲ್ಲ. ಆ ಕೆಲಸ ಹೋದರೆ ನಾನು ಈ ನುಣ್ಣನೆಯ ದಾರಿಯಲ್ಲಿ ಹಿಂದಕ್ಕೂ ಮುಂದಕ್ಕೂ ಉರುಳುತ್ತಿರಬೇಕು.

ಹೋದ ವಾರ ಟೀಚರ್ ಹೆದ್ದಾರಿ ದಾಟುವಾಗ ಬಿದ್ದರು. ಕೋಲೆತ್ತಿದರಂತೆ, ಯಾರೂ ನಿಲ್ಲಲಿಲ್ಲ. ಹಿಂದಕ್ಕೆ ಸರಿಯಲು ಹೋಗಿ ಬಿದ್ದು ಮಣಿಕಟ್ಟು ಮುರಿದಿದೆ. ಮಾತು ಬಿಟ್ಟಿದ್ದರೂ ನೋಡಲು ಹೋದೆ. ಕೊನೆಗೆ ಅವರೇ ಕೇಳಿದರು.

"ನಿಜವಾಗಲೂ ಹಾಗಂತ ಬರೆದೆಯೇನೇ?"

"ಬರೆದೆ ಟೀಚರ್. ಮೊಣಕೈಗೆ ಏಟು ಬಿದ್ದಿತ್ತು, ಸಿಟ್ಟು ಬಂದಿತ್ತು. ಬೆಳಿಗ್ಗೆ ಮತ್ತೆ ಅದೇ ಬಸ್ಸಿಗೆ ಕಾದು ಕೂತೆ ಅಂತಲೂ ಬರೆದಿದ್ದೆ."

ಅವರು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದರು. "ನಮ್ಮನೆಯವರ ಸಹವಾಸವೇ ಬೇಡ ಅಂತ ನಾನು ಜೀವಮಾನವಿಡೀ ಹೇಳ್ದೆ. ಯಾರೂ ಬಂದು ಅವರನ್ನ ಹೆದ್ದಾರಿಯಾಚೆ ಬಿಟ್ಟುಬರಲಿಲ್ಲವಲ್ಲೇ," ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರ ನೀರು ನಗುವಿನದು, ನನ್ನದು ಪೂರ್ತಿ ನಗುವಿನದಲ್ಲ.

ನಾವು ಆಕ್ಷೇಪಣೆ ಸಲ್ಲಿಸಿದ್ದೇವೆ. ಅಕ್ಟೋಬರ್ ಕೊನೆಗೆ ಆಯುಕ್ತರ ಮುಂದೆ ವಿಚಾರಣೆ. ನೀನೂ ಇರುತ್ತೀಯ ಎಂದು ಗೊತ್ತು. ನಿನ್ನಿಂದ ನಾನು ಕೇಳುವುದು ಇಷ್ಟೇ. ನನ್ನ ಕಾಗದವನ್ನು ಮತ್ತೆ ಓದು, ಈ ಸಲ ಎರಡು ಸಾಲನ್ನೂ ಓದು. ಬೀದಿಯವರ ಮುಂದೆ ನನ್ನ ಮುಖ ಉಳಿಯುತ್ತದೆ. ನಿನ್ನದೂ.

ಕಾಯುತ್ತಿರುವ,
ಅಕ್ಕ

ನವೆಂಬರ್ 6

ಅಕ್ಕಾ,

ಫೋನ್ ತೆಗೆಯುತ್ತಿಲ್ಲ ನೀನು. ಅದಕ್ಕೇ ಬರೆಯುತ್ತಿದ್ದೇನೆ.

ವಿಚಾರಣೆಯ ದಿನ ನಿನಗೆ ನೋವಾಗಿದೆ ಎಂದು ಗೊತ್ತು. "ಈ ಕಾಗದ ಬರೆದವರು ಇವರೇನಾ? ನಿಮಗೆ ಪರಿಚಯವಾ?" ಎಂದು ಆಯುಕ್ತರು ಇದ್ದಕ್ಕಿದ್ದ ಹಾಗೆ ಕೇಳಿದರು. ಪಕ್ಕದಲ್ಲೇ ಮುಖ್ಯ ಎಂಜಿನಿಯರ್ ಕೂತಿದ್ದರು. ಹೌದು ಎಂದಿದ್ದರೆ ಮನೆಯವರ ಕಾಗದವನ್ನು ಕಡತಕ್ಕೆ ಸೇರಿಸಿದ್ದಾನೆ ಎಂದು ಎಲ್ಲವೂ ನನ್ನ ತಲೆಗೆ ಬರುತ್ತಿತ್ತು. ಇಲ್ಲ ಸರ್, ಪರಿಚಯವಿಲ್ಲ ಎಂದೆ. ಅಂದ ಮೇಲೆ ನಿನ್ನನ್ನು "ಮೇಡಂ, ತಾವು ಯಾರು" ಎಂದು ಕೇಳದೆ ಬೇರೆ ದಾರಿ ಇರಲಿಲ್ಲ. ಅದೊಂದು ನಾಟಕ ಅಷ್ಟೇ, ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ. ಆಯುಕ್ತರು ಬಸ್ಸನ್ನು ವಾಪಸು ಹಾಕಿಸಿದರು, ಕಾರುಗಳನ್ನೂ ತೆಗೆಸುತ್ತಿದ್ದಾರೆ. ನಾನು ಮಾಡಲಾಗದ್ದನ್ನು ನೀನು ಮಾಡಿದೆ. ನನ್ನ ಬಡ್ತಿಗೂ ತೊಂದರೆಯಾಗಲಿಲ್ಲ. ಇನ್ನು ಇದನ್ನು ಹೊಟ್ಟೆಗೆ ಹಾಕಿಕೊಂಡುಬಿಡು. ಹದಿನೇಳನೇ ತಾರೀಖು, ಭಾನುವಾರ, ಮನೆಗೆ ಬರುತ್ತೇನೆ. ಬಸ್ಸಿನಲ್ಲೇ ಬರುತ್ತೇನೆ.

ನಿನ್ನ,
ಕುಳ್ಳ

ನವೆಂಬರ್ 13

ಮಾನ್ಯರೇ,

ತಮ್ಮ ಪತ್ರ ತಲುಪಿತು.

ಬಸ್ಸು ಸೋಮವಾರದಿಂದ ಬರುತ್ತಿದೆ. ನಿಲ್ದಾಣ ಖಾಲಿ ಇರುವುದರಿಂದ ಅಂಚಿಗೇ ಒತ್ತಿ ನಿಲ್ಲುತ್ತದೆ. ಹಲಗೆ ಅಲುಗಾಡದೆ ಕೂರುತ್ತದೆ. ಕಂಡಕ್ಟರ್ ಈಗಲೂ ಗೊಣಗುತ್ತಾನೆ, ಆದರೆ ಬೇರೆ ವಿಷಯಕ್ಕೆ. ನಾನು ಕೌಂಟರಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದೇನೆ. ದಿನಸಿ ಅಂಗಡಿಯವರು ಮತ್ತೆ ನನ್ನ ಜೊತೆ ತಮಾಷೆ ಮಾಡುತ್ತಿದ್ದಾರೆ. ಇದಕ್ಕಾಗಿ ತಮ್ಮ ಕಚೇರಿಗೆ ಬೀದಿಯ ಎಲ್ಲರ ಪರವಾಗಿ ವಂದನೆಗಳು.

ತಮ್ಮ ಪತ್ರದಲ್ಲಿ ಬಿಟ್ಟುಹೋದ ಕೆಲವು ವಿಷಯಗಳಿವೆ. ವಿಚಾರಣೆಯ ದಿನ ನಾವು ತಮ್ಮ ಕಚೇರಿಗೆ ಬಂದದ್ದು ದಿನಸಿ ಅಂಗಡಿಯವರ ಸಾಮಾನಿನ ವ್ಯಾನಿನಲ್ಲಿ, ನನ್ನ ಕುರ್ಚಿಯನ್ನು ಮೂಟೆಗಳ ಮಧ್ಯೆ ಹಗ್ಗದಲ್ಲಿ ಕಟ್ಟಿಕೊಂಡು. ದಾರಿಯುದ್ದಕ್ಕೂ ನಾನು ಅವರಿಗೆ ಹೇಳುತ್ತಿದ್ದದ್ದು ಒಂದೇ ಮಾತು, ನನ್ನ ತಮ್ಮ ಈ ಸಲ ಪೂರ್ತಿ ಓದುತ್ತಾನೆ, ನೋಡುತ್ತಿರಿ ಎಂದು. ಕೊನೆಗೆ ಆ ಎರಡನೇ ಸಾಲನ್ನು ನಾನೇ ಹೇಳಬೇಕಾಯಿತು. ಆಯುಕ್ತರು ನಕ್ಕರು, ಅವರ ಮನೆಯಲ್ಲೂ ಯಾರೋ ಹಾಗೆ ಹೇಳುವವರಿರಬೇಕು.

ತಾವು ಯಾರು ಎಂದು ಕೇಳಿದಾಗ ನಾನು ತಡಮಾಡಿದ್ದನ್ನು ತಾವು ಗಮನಿಸಿರಬಹುದು. ಬಾಯಿಗೆ ಮೊದಲು ಬಂದ ಉತ್ತರವನ್ನು ನುಂಗಿಕೊಳ್ಳಲು ಅಷ್ಟು ಹೊತ್ತು ಹಿಡಿಯಿತು. ಟೀಚರ್ ಹೇಳಿಬಿಡಲೆಂದು ಎದ್ದೇ ಬಿಟ್ಟಿದ್ದರು. ಅವರ ಒಳ್ಳೆಯ ಕೈಯನ್ನು ಹಿಡಿದು ಕೂರಿಸಿದವಳು ನಾನು. ತಮ್ಮ ಬಡ್ತಿಗೆ ತೊಂದರೆಯಾಗಲಿಲ್ಲ ಎಂದು ತಿಳಿದು ಸಮಾಧಾನವಾಯಿತು.

ನಾಟಕ ಎಂದು ಬರೆದಿದ್ದೀರಿ. ಇರಬಹುದು. ತಮ್ಮ ಕಣ್ಣನ್ನು ನಾನು ನೋಡಿದೆ. ಅದರಲ್ಲಿ ನಾನು ಇರಲಿಲ್ಲ. ಮನೆಗೆ ಬಂದು ಬಹಳ ಅತ್ತೆ, ಅದನ್ನು ತಮ್ಮಂಥವರಿಗೆ ಬರೆಯಬಾರದು, ಆದರೂ ಬರೆದಿದ್ದೇನೆ.

ಭಾನುವಾರ ತಾವು ಬರಬಹುದು. ಬಸ್ಸು ನಮ್ಮ ಬಾಗಿಲಿನ ಹತ್ತಿರವೇ ನಿಲ್ಲುತ್ತದೆ. ಕಾಲುದಾರಿ ಸಾರ್ವಜನಿಕರದ್ದು, ಎಷ್ಟು ಬೇಕಾದರೂ ಓಡಾಡಿ ನೋಡಿ. ಈ ಮನೆಯಲ್ಲಿ ಮಾತ್ರ ತಮ್ಮ ಪರಿಚಯದವರು ಯಾರೂ ಇಲ್ಲ.

ಇಂತಿ,
ವಿಚಾರಣೆ ಕೌಂಟರಿನವಳು